ಆಗಸ್ಟ್‌ನಲ್ಲಿ ದಿನಾ ಬರುತ್ತಿದ್ದ ಬಕ್ ಸೆಪ್ಟೆಂಬರ್‌ನಲ್ಲಿ ಎಲ್ಲಿ ಹೋಯಿತು?

ಪ್ರಶ್ನೆ: ನಾನು ಹಾಸನದ ಕಡೆಯವನು. ಈಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿದ್ದೇನೆ, ಎಚ್-1ಬಿ ವೀಸಾದ ಮೇಲೆ. ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರಿಗೆ ಇದೇ ರಾಜ್ಯದ ಅಯೋವಾ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) 80 ಎಕರೆ ಜಮೀನಿದೆ. ಅರ್ಧ ಸೋಯಾ ಹೊಲ, ಅರ್ಧ ಓಕ್ ಮರಗಳ ಗುಡ್ಡ. ಈ ನವೆಂಬರ್‌ನಲ್ಲಿ ಅವರ ಜೊತೆ ಜಿಂಕೆ ಬೇಟೆಗೆ ಹೋಗಬೇಕು ಅಂತ ತರಬೇತಿ ಮುಗಿಸಿ ಲೈಸೆನ್ಸ್ ಮಾಡಿಸಿದ್ದೇನೆ. ಜುಲೈನಲ್ಲಿ ಎರಡು ಟ್ರೇಲ್ ಕ್ಯಾಮೆರಾ, ಅಂದರೆ ಪ್ರಾಣಿ ಹಾದುಹೋದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ, ಕಟ್ಟಿದೆ. ಒಂದು ಹೊಲದ ಅಂಚಿಗೆ, ಇನ್ನೊಂದು ಗುಡ್ಡದ ಕಾಲುದಾರಿಗೆ. ಆಗಸ್ಟ್ ಪೂರ್ತಿ ಹತ್ತು ಕವಲಿನ ಕೊಂಬಿನ ಒಂದು ದೊಡ್ಡ ಬಕ್ (ಗಂಡು ಜಿಂಕೆ) ಇನ್ನೂ ಮೂರು ಗಂಡುಗಳ ಜೊತೆ ಸಂಜೆ ಸಂಜೆ ಹೊಲಕ್ಕೆ ಬರುತ್ತಿತ್ತು. ಸೆಪ್ಟೆಂಬರ್ 8ರ ನಂತರ ಪತ್ತೆಯೇ ಇಲ್ಲ. ಬರೀ ಹೆಣ್ಣು ಜಿಂಕೆ, ರಕೂನ್, ಇಲ್ಲವೇ ಖಾಲಿ ಫೋಟೊ. ಪ್ರತಿ ಭಾನುವಾರ ಹೋಗಿ ಕಾರ್ಡ್ ನೋಡುತ್ತೇನೆ. ಯಾರಾದರೂ ಬಿಲ್ಲಿನಿಂದ ಹೊಡೆದಿರಬಹುದೇ? ರಾತ್ರಿ ಫೋಟೊಗಳಲ್ಲಿ ಜಿಂಕೆಗಳು ಕ್ಯಾಮೆರಾವನ್ನೇ ದಿಟ್ಟಿಸುತ್ತವೆ, ಅದರ ಬೆಳಕಿಗೆ ಹೆದರಿ ಓಡಿತೇ? ಫೋಟೊ ಮೊಬೈಲಿಗೆ ಬರುವ ಕ್ಯಾಮೆರಾ ಕೊಂಡರೆ ಒಳ್ಳೆಯದೇ? ಒಬ್ಬರು ಜೋಳ ಸುರಿ ಅಂತಾರೆ, ಇನ್ನೊಬ್ಬರು ಹುಣ್ಣಿಮೆ ಕಳೆಯಲಿ ಅಂತಾರೆ. ಏನು ಮಾಡಲಿ? ಮುಂದಿನ ವರ್ಷ ಒಂದು ಕ್ಯಾಮೆರಾವನ್ನು ಊರಿನ ತೋಟಕ್ಕೆ ಒಯ್ಯಲೇ?

ಉತ್ತರ: ನೀವು ಜೊತೆಗೆ ಕಳಿಸಿದ ಫೋಟೊಗಳನ್ನು ಎರಡು ಸಲ ನೋಡಿದೆ. ಮೊದಲು ಸಮಾಧಾನದ ಮಾತು ಹೇಳಿಬಿಡುತ್ತೇನೆ. ನಿಮ್ಮ ಬಕ್ ಸೆಪ್ಟೆಂಬರ್ 19ರ ರಾತ್ರಿ 2.40ರ ತನಕವಂತೂ ಬದುಕಿತ್ತು. ಗುಡ್ಡದ ಕ್ಯಾಮೆರಾದ ಆ ಫೋಟೊದ ಕೆಳಗೆ ನೀವು 'ಇದು ಯಾವುದೋ ಸಣ್ಣದು' ಅಂತ ಬರೆದಿದ್ದೀರಿ. ಸಣ್ಣದಲ್ಲ, ಅದೇ. ಎಡಗಡೆ ಹುಬ್ಬಿನ ಮೇಲಿನ ಕವಲು ಮುಂದಕ್ಕೆ ಬಗ್ಗಿದೆ, ಬಲಗಿವಿಯ ಅಂಚಿನಲ್ಲಿ ಒಂದು ಕಚ್ಚು ಇದೆ. ಆಗಸ್ಟ್ 11ರ ಫೋಟೊವನ್ನು ಪಕ್ಕದಲ್ಲಿಟ್ಟು ನೋಡಿ. ಎರಡು ಗುರುತೂ ಅಲ್ಲೂ ಇವೆ.

ಗುರುತು ಸಿಗದೆ ಹೋದದ್ದು ನಿಮ್ಮ ತಪ್ಪಲ್ಲ. ದನದ ಕೊಂಬು ಜೀವಮಾನಕ್ಕೆ ಒಂದೇ ಸಲ ಬರುತ್ತದೆ. ಜಿಂಕೆಯದು ವರ್ಷವರ್ಷ ಉದುರಿ ಹೊಸದಾಗಿ ಬೆಳೆಯುತ್ತದೆ. ಇಲ್ಲಿನ ಬಿಳಿಬಾಲದ ಜಿಂಕೆಗಳಲ್ಲಿ ಬೇಸಿಗೆ ಪೂರ್ತಿ ಬೆಳೆಯುವ ಕೊಂಬಿನ ಮೇಲೆ ರಕ್ತನಾಳಗಳಿರುವ ಮೆತ್ತನೆಯ ಕೂದಲಿನ ತೊಗಲು ಇರುತ್ತದೆ. ಬೇಟೆಗಾರರು ಅದಕ್ಕೆ ವೆಲ್ವೆಟ್ ಅಂತಾರೆ. ಆ ತೊಗಲಿನಿಂದಾಗಿ ಕೊಂಬು ಇದ್ದದ್ದಕ್ಕಿಂತ ದಪ್ಪ ಕಾಣುತ್ತದೆ. ಹಗಲು ಕಿರಿದಾದಂತೆ ಟೆಸ್ಟೊಸ್ಟೆರೋನ್ ಅನ್ನುವ ಗಂಡು ಹಾರ್ಮೋನು ಏರುತ್ತದೆ, ಕೊಂಬು ಗಟ್ಟಿಯಾಗುತ್ತದೆ, ತೊಗಲು ಒಣಗುತ್ತದೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದೊಳಗೆ ಬಕ್ ಅದನ್ನು ಗಿಡಗಳಿಗೆ ಉಜ್ಜಿ ಕಿತ್ತು ಹಾಕುತ್ತದೆ. ಅದೇ ಹೊತ್ತಿಗೆ ಬೇಸಿಗೆಯ ಕೆಂಪು ಕೂದಲು ಉದುರಿ ಬೂದುಗಂದು ಚಳಿಗಾಲದ ಕೂದಲು ಬರುತ್ತದೆ. ಕೊಂಬು ತೆಳ್ಳಗೆ, ಮೈ ಬೇರೆ ಬಣ್ಣ, ಜೊತೆಗೆ ರಾತ್ರಿಯ ಕಪ್ಪುಬಿಳುಪು ಚಿತ್ರ. ಬೇರೆ ಪ್ರಾಣಿ ಅನ್ನಿಸದೆ ಇನ್ನೇನು ಅನ್ನಿಸಬೇಕು! ಬಣ್ಣ, ಗಾತ್ರ ನೋಡಿ ಗುರುತಿಸಲು ಹೋಗಬೇಡಿ. ಕವಲು ಯಾವ ಕಡೆ ಬಾಗಿದೆ, ಕಿವಿ ಹರಿದಿದೆಯೇ, ಗಂಟಲಿನ ಬಿಳಿ ಮಚ್ಚೆ ಹೇಗಿದೆ, ಅದನ್ನು ನೋಡಿ.

ಹೀಗೆ ಮೈಮೇಲಿನ ಗುರುತಿನಿಂದ ಒಂದೊಂದನ್ನೂ ಬೇರೆ ಮಾಡಿ ಎಣಿಸುವುದು ನಮ್ಮವರಿಗೂ ಗೊತ್ತಿರುವ ವಿದ್ಯೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಹುಲಿಗಳ ಪಟ್ಟೆ ನೋಡಿ ಎಣಿಸಿದ್ದು ಇಂಥ ಕ್ಯಾಮೆರಾಗಳಿಂದಲೇ. ಪಟ್ಟೆ ಸಾಯುವ ತನಕ ಬದಲಾಗುವುದಿಲ್ಲ. ಕೊಂಬಿನ ಗುರುತು ಒಂದು ಸೀಸನ್ನಿಗೆ ಮಾತ್ರ. ಫೆಬ್ರವರಿ ಹೊತ್ತಿಗೆ ಅದೂ ನೆಲದ ಮೇಲೆ ಬಿದ್ದಿರುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆ. ಬಕ್ ಹೊಲ ಬಿಟ್ಟದ್ದು ಯಾಕೆ?

ಪ್ರತಿ ಸೆಪ್ಟೆಂಬರ್‌ನಲ್ಲೂ ನನಗೆ ಇದೇ ದೂರು ಬರುತ್ತದೆ. ಇಪ್ಪತ್ತು ವರ್ಷದಿಂದ ಈ ಭಾಗದಲ್ಲಿ ಜಿಂಕೆ ಲೆಕ್ಕದ ಕೆಲಸ ಮಾಡುತ್ತಿದ್ದೇನೆ, ಹೊಸ ಬೇಟೆಗಾರರಿಗೆ ಪಾಠವನ್ನೂ ಹೇಳುತ್ತೇನೆ. 'ನನ್ನ ಬಕ್ ಕಳ್ಳತನವಾಯ್ತು' ಅನ್ನುವ ಧಾಟಿಯಲ್ಲೇ ಫೋನ್ ಬರುತ್ತವೆ. ಹೆಚ್ಚಿನ ಸಲ ಆಗಿರುವುದು ಇಷ್ಟೇ: ಊಟ ಬದಲಾಗಿದೆ, ಸ್ನೇಹ ಮುರಿದಿದೆ.

ಊಟದ ವಿಷಯ ಮೊದಲು ನೋಡೋಣ. ಸೋಯಾ ಎಲೆ ಹಸಿರಾಗಿರುವ ತನಕ ಜಿಂಕೆಗೆ ಅದು ಹಬ್ಬದೂಟ. ಸೆಪ್ಟೆಂಬರ್‌ನಲ್ಲಿ ಎಲೆ ಹಳದಿಯಾಗಿ ಉದುರಲು ಶುರುವಾದರೆ ಆ ಹೊಲದ ಮೇಲಿನ ಆಸೆ ಹೋಗುತ್ತದೆ. ಅದೇ ವಾರಗಳಲ್ಲಿ ಬಿಳಿ ಓಕ್ ಮರದ ಕಾಯಿ ಬೀಳತೊಡಗುತ್ತದೆ. ಕೆಂಪು ಓಕ್ ಕಾಯಿಗಿಂತ ಇದರಲ್ಲಿ ಒಗರು ಕಡಿಮೆ, ಜಿಂಕೆ ಮೊದಲು ಹುಡುಕುವುದು ಇದನ್ನೇ. ಮಲಗುವ ಪೊದೆಯ ಪಕ್ಕದಲ್ಲೇ ಕಾಯಿ ಬೀಳುತ್ತಿರುವಾಗ ಬೆಳಕಿದ್ದ ಹಾಗೇ ಬಯಲಿಗೆ ಯಾಕೆ ಬರಬೇಕು? ನಿಮ್ಮ ಹೊಲದಂಚಿನ ಕ್ಯಾಮೆರಾ ಮುಚ್ಚಿದ ಹೋಟೆಲಿನ ಬಾಗಿಲು ಕಾಯುತ್ತಿದೆ ಅಷ್ಟೇ.

ಇನ್ನು ಸ್ನೇಹ. ಬೇಸಿಗೆಯಲ್ಲಿ ಗಂಡುಗಳು ಗುಂಪಾಗಿ, ಗಲಾಟೆಯಿಲ್ಲದೆ ಮೇಯುತ್ತವೆ. ಕೊಂಬು ಗಟ್ಟಿಯಾಗಿ ಮೈಯಲ್ಲಿ ಕಾವೇರಿದ ಮೇಲೆ ಒಂದನ್ನು ಕಂಡರೆ ಒಂದಕ್ಕೆ ಆಗುವುದಿಲ್ಲ. ಗುಂಪು ಒಡೆಯುತ್ತದೆ. ಕೆಲವು ಅಲ್ಲೇ ಉಳಿಯುತ್ತವೆ, ಕೆಲವು ಚಳಿಗಾಲಕ್ಕೆ ಮುಂಚೆ ಬೇರೆ ಕಡೆ ನೆಲೆ ಬದಲಿಸುತ್ತವೆ. ನಿಮ್ಮದು ಉಳಿಯುವ ಜಾತಿಯೋ ಹೋಗುವ ಜಾತಿಯೋ ಅಂತ ಈಗಲೇ ಹೇಳುವುದು ಕಷ್ಟ. ಆದರೆ ಹೋದ ಬಕ್‌ಗಳ ಜಾಗಕ್ಕೆ ಬೇರೆಡೆಯಿಂದ ಹೊಸವು ಬರುತ್ತವೆ. ಬೇಸಿಗೆಯಲ್ಲಿ ಒಂದೂ ಕಾಣದ ಜಮೀನಿನಲ್ಲಿ ಅಕ್ಟೋಬರ್ ಕೊನೆಗೆ ಇದ್ದಕ್ಕಿದ್ದಂತೆ ಮೂರು ನಾಲ್ಕು ಬಕ್ ಕಾಣಿಸಿಕೊಂಡದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಜಾಗದ ಲೆಕ್ಕವನ್ನೂ ಹಾಕಿ ನೋಡಿ. ಒಂದು ಚದರ ಮೈಲಿ ಅಂದರೆ 640 ಎಕರೆ. ದೊಡ್ಡ ಗಂಡೊಂದು ವರ್ಷದಲ್ಲಿ ಅಷ್ಟು ಜಾಗದಲ್ಲಿ ಓಡಾಡುವುದು ದೊಡ್ಡ ವಿಷಯವೇ ಅಲ್ಲ. ನಿಮ್ಮವರ ಜಮೀನು ಅದರ ಎಂಟನೇ ಒಂದು ಭಾಗ. ಅದರಲ್ಲಿ ಎರಡು ಕ್ಯಾಮೆರಾ, ಒಂದೊಂದೂ ನೋಡುವುದು ಮನೆಯ ಅಂಗಳದಷ್ಟು ನೆಲ. ಕಾರ್ಡಿನಲ್ಲಿ ಬಕ್ ಇಲ್ಲ ಅಂದರೆ ಆ ಅಂಗಳಕ್ಕೆ ಬಂದಿಲ್ಲ ಅಂತ ಅರ್ಥ. ಕಾಡಿನಲ್ಲೇ ಇಲ್ಲ ಅಂತಲ್ಲ. ಆಗಸ್ಟ್‌ನ ಫೋಟೊಗಳನ್ನು ನೋಡುತ್ತಾ ನವೆಂಬರ್‌ನ ಲೆಕ್ಕ ಹಾಕುವುದನ್ನು ಬಿಟ್ಟರೆ ನಿಮ್ಮ ಅರ್ಧ ಚಿಂತೆ ಇಳಿಯುತ್ತದೆ.

ಖಾಲಿ ಫೋಟೊಗಳಿಗೆ ಕಾರಣ ಸುಲಭ. ಈ ಕ್ಯಾಮೆರಾದ ಒಳಗಿರುವುದು ಶಾಖದ ಏರಿಳಿತ ಹಿಡಿಯುವ ಒಂದು ಸೆನ್ಸರ್. ಅದಕ್ಕೆ ಜಿಂಕೆ ಅಂದರೇನು ಗೊತ್ತಿಲ್ಲ. ತನ್ನ ಮುಂದೆ ಬಿಸಿಯೊಂದು ಸರಿದರೆ ಶಟರ್ ಒತ್ತುತ್ತದೆ. ನಿಮ್ಮ ಹೊಲದ ಕ್ಯಾಮೆರಾ ಪಶ್ಚಿಮಕ್ಕೆ ಮುಖ ಮಾಡಿದೆ, ಮುಂದೆ ಎತ್ತರದ ಹುಲ್ಲಿದೆ. ಸಂಜೆ ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಆಡಿದಾಗೆಲ್ಲ ಒಂದು ಫೋಟೊ. ಇನ್ನೊಂದು ತಮಾಷೆ ಇದೆ. ಸೆಖೆಯ ಮಧ್ಯಾಹ್ನ ನೆಲವೂ ಜಿಂಕೆಯ ಮೈಯೂ ಹೆಚ್ಚು ಕಡಿಮೆ ಒಂದೇ ಬಿಸಿ ಇದ್ದರೆ ನಿಜವಾದ ಜಿಂಕೆ ಹಾದುಹೋದರೂ ಸೆನ್ಸರ್‌ಗೆ ತಿಳಿಯದೆ ಹೋಗಬಹುದು. ಹುಲ್ಲು ಸವರಿ ಕ್ಯಾಮೆರಾವನ್ನು ಉತ್ತರಕ್ಕೆ ತಿರುಗಿಸಿ. ದಾರಿಗೆ ಅಡ್ಡಲಾಗಿ ನೋಡುವಂತೆ ಕಟ್ಟಿದರೆ ಬಾಲ ಮಾತ್ರ ಸಿಗುತ್ತದೆ. ದಾರಿಯ ಉದ್ದಕ್ಕೆ ಓರೆಯಾಗಿ ನೋಡುವಂತೆ ಕಟ್ಟಿ. ಚಳಿ ಶುರುವಾದ ಮೇಲೆ ಮಾಮೂಲಿ ಆಲ್ಕಲೈನ್ ಸೆಲ್ ಬೇಗ ಸೊರಗುತ್ತವೆ, ಲಿಥಿಯಂ ಹಾಕಿ. ದುಡ್ಡು ಜಾಸ್ತಿ, ಆದರೆ ಡಿಸೆಂಬರ್ ತನಕ ಚಿಂತೆಯಿಲ್ಲ. ಹಾಗೇ ನವೆಂಬರ್‌ನ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದಲ್ಲ, ಕ್ಯಾಮೆರಾದ ಗಡಿಯಾರವನ್ನೂ ತಿದ್ದಿ. ಅದನ್ನು ಮರೆತು ಒಂದು ವರ್ಷ ನಾನೇ ಒಂದು ಗಂಟೆ ತಡವಾಗಿ ಮರ ಹತ್ತಿ ಕೂತಿದ್ದೆ.

ಬೆಳಕಿಗೆ ಹೆದರಿತೇ ಅಂತ ಕೇಳಿದ್ದೀರಿ. ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಾಗಿ 850 ನ್ಯಾನೊಮೀಟರಿನ ಬೆಳಕು ಇರುತ್ತದೆ. ಹತ್ತಿರ ನಿಂತರೆ ನಮಗೂ ಮಂದ ಕೆಂಪು ಚುಕ್ಕಿಯಂತೆ ಕಾಣುತ್ತದೆ. 940ರದ್ದು ನಮಗೆ ಕಾಣುವುದೇ ಇಲ್ಲ, ಆದರೆ ಫೋಟೊ ಸ್ವಲ್ಪ ಮಬ್ಬು. ಜಿಂಕೆಯ ಕಣ್ಣು ನೀಲಿ, ಹಸಿರಿಗೆ ಚುರುಕು, ಕೆಂಪಿಗೆ ಮಂದ. ಬೇಟೆಗಾರರು ಕಿತ್ತಳೆ ಅಂಗಿ ತೊಟ್ಟರೂ ನಡೆಯುವುದು ಅದಕ್ಕೇ. ಹಾಗಿದ್ದರೂ ನಿನ್ನೆ ಇಲ್ಲದ ಡಬ್ಬಿ ಇಂದು ಮರಕ್ಕೆ ಅಂಟಿಕೊಂಡಿದ್ದರೆ, ಅದರೊಳಗೆ ಸಣ್ಣಗೆ ಟಿಕ್ ಅಂದರೆ, ಜಿಂಕೆ ತಲೆ ಎತ್ತಿ ನೋಡೇ ನೋಡುತ್ತದೆ. ನೋಡಿದ ಮಾತ್ರಕ್ಕೆ ಊರು ಬಿಡುವುದಿಲ್ಲ. ಕೆಲವು ಹಳೆಯ ಹುಲಿಗಳು, ಅಂದರೆ ಬಕ್‌ಗಳು, ಆಮೇಲೆ ಆ ಮರದ ಹಿಂದಿನಿಂದ ಸುತ್ತಿ ಹೋಗುತ್ತವೆ, ಅದು ನಿಜ. ಕ್ಯಾಮೆರಾವನ್ನು ಏಳಡಿ ಎತ್ತರಕ್ಕೆ ಕಟ್ಟಿ ಕೆಳಗೆ ಬಗ್ಗಿಸಿದರೆ ಆ ತೊಂದರೆ ಕಡಿಮೆ.

ಕ್ಯಾಮೆರಾಕ್ಕಿಂತ ನನಗೆ ಚಿಂತೆ ನಿಮ್ಮ ಭಾನುವಾರಗಳದ್ದು. ಜುಲೈಯಿಂದ ಲೆಕ್ಕ ಹಾಕಿದರೆ ಹತ್ತಕ್ಕೂ ಹೆಚ್ಚು ಸಲ ಆ ಗುಡ್ಡದಲ್ಲಿ ನಡೆದಿದ್ದೀರಿ. ಒಂದೊಂದು ಸಲವೂ ಹುಲ್ಲಿಗೆ, ಗಿಡಕ್ಕೆ ನಿಮ್ಮ ವಾಸನೆ ಹಚ್ಚಿ ಬಂದಿದ್ದೀರಿ. ಜಿಂಕೆ ಕಣ್ಣಿಗಿಂತ ಮೂಗನ್ನು ನಂಬುವ ಪ್ರಾಣಿ. ನೀವು ಹೋದ ಮೇಲೂ ಅದಕ್ಕೆ ನೀವು ಅಲ್ಲೇ ಇದ್ದೀರಿ. ಅಯೋವಾ ಕೌಂಟಿ ಇರುವುದು ಹಿಮನದಿಗಳು ಸವರದೆ ಬಿಟ್ಟ ಭಾಗದಲ್ಲಿ, ಹಾಗಾಗಿ ಅಲ್ಲಿ ಗುಡ್ಡ, ಕಣಿವೆ ಜಾಸ್ತಿ. ಬೆಳಿಗ್ಗೆ ನೆಲ ಕಾದಂತೆ ಗಾಳಿ ಮೇಲೇರುತ್ತದೆ, ಸಂಜೆ ತಣ್ಣಗಾದಂತೆ ಇಳಿಜಾರಿನಲ್ಲಿ ಕೆಳಗೆ ಜಾರುತ್ತದೆ. ಸಂಜೆ ಗುಡ್ಡದ ಮೇಲೆ ನಿಂತು ಕಾರ್ಡ್ ಬದಲಿಸಿದರೆ ಕೆಳಗಿನ ಕಣಿವೆಗೆಲ್ಲ ಸುದ್ದಿ ಹೋಯಿತು ಅಂತಲೇ ಲೆಕ್ಕ.

ವಾರಕ್ಕೊಮ್ಮೆ ಹೋಗುವುದನ್ನು ನಿಲ್ಲಿಸಿ. ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ನಡು ಮಧ್ಯಾಹ್ನ ಹೋಗಿ, ಮಳೆ ಬರುವ ದಿನವಾದರೆ ಇನ್ನೂ ಒಳ್ಳೆಯದು. ಟ್ರ್ಯಾಕ್ಟರ್ ಹೋಗುವ ದಾರಿಯಿಂದ ಕೈಗೆ ಸಿಗುವ ಮರಕ್ಕೆ ಕ್ಯಾಮೆರಾ ಕಟ್ಟಿ, ಗಾಡಿಯಲ್ಲೇ ಹೋಗಿ. ಹೊಲದ ಗಾಡಿಯ ಸದ್ದು ಜಿಂಕೆಗಳಿಗೆ ಅಭ್ಯಾಸವಾಗಿರುತ್ತದೆ, ಕಾಲ್ನಡಿಗೆಯ ಮನುಷ್ಯನೇ ಅವಕ್ಕೆ ಅನುಮಾನ. ವಾಸನೆ ಹೋಗಲಾಡಿಸುವ ಸ್ಪ್ರೇ ಕೊಳ್ಳಲೇ ಅಂತ ಕೇಳುವವರಿದ್ದಾರೆ. ರಬ್ಬರ್ ಬೂಟು ಹಾಕಿ. ಸ್ಪ್ರೇ ದುಡ್ಡಿನಲ್ಲಿ ಕಾಫಿಪುಡಿ ಕೊಳ್ಳಿ.

ಮೊಬೈಲಿಗೆ ಫೋಟೊ ಕಳಿಸುವ ಕ್ಯಾಮೆರಾದ ಒಳ್ಳೆಯ ಗುಣವೂ ಇದೇ, ಪದೇ ಪದೇ ಹೋಗುವ ಕೆಲಸ ತಪ್ಪುತ್ತದೆ. ಖರ್ಚು ಅಂದರೆ ತಿಂಗಳ ಚಂದಾ, ಬೇಗ ಖಾಲಿಯಾಗುವ ಬ್ಯಾಟರಿ. ಕಣಿವೆಯಲ್ಲಿ ಸಿಗ್ನಲ್ ಸಿಗುತ್ತದೋ ನೋಡಿಕೊಂಡು ಕೊಳ್ಳಿ. ಆದರೆ ಬೇರೆ ಒಂದು ಮಾತಿದೆ. ಮರದ ಕೆಳಗೆ ಬಕ್ ನಿಂತಿದೆ ಅಂತ ಫೋನು ಟಿಂಗ್ ಅಂದ ಕೂಡಲೇ ಎದ್ದು ಹೋಗಿ ಹೊಡೆಯುವುದು ಬೇಟೆಯೇ? ಈ ಜಗಳ ಅಮೆರಿಕದಲ್ಲಿ ಜೋರಾಗಿಯೇ ನಡೆದಿದೆ. ಅರಿಜೋನಾ ರಾಜ್ಯ 2022ರ ಜನವರಿಯಿಂದ ಬೇಟೆಗೆ ಸಹಾಯವಾಗುವಂತೆ ಟ್ರೇಲ್ ಕ್ಯಾಮೆರಾ ಬಳಸುವುದನ್ನೇ ನಿಲ್ಲಿಸಿತು. ಅಲ್ಲಿ ನೀರಿನ ಗುಂಡಿಗಳು ಕಡಿಮೆ, ಒಂದೊಂದರ ಸುತ್ತಲೂ ಕ್ಯಾಮೆರಾಗಳ ಸಂತೆ ನೆರೆದಿತ್ತು. ಕ್ಯಾನ್ಸಸ್ 2023ರಲ್ಲಿ ತನ್ನ ವನ್ಯಜೀವಿ ಇಲಾಖೆಯ ಸಾರ್ವಜನಿಕ ಜಾಗಗಳಿಂದ ಅವನ್ನು ತೆಗೆಸಿತು. ದೊಡ್ಡ ಕೊಂಬುಗಳ ದಾಖಲೆ ಇಡುವ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು ಹೀಗೆ ಆ ಕ್ಷಣದ ಫೋಟೊ ನೋಡಿ ಹೊಡೆದ ಪ್ರಾಣಿಯನ್ನು ಸೇರಿಸಿಕೊಳ್ಳುವುದಿಲ್ಲ. ನೀವು ಖಾಸಗಿ ಜಮೀನಿನಲ್ಲಿದ್ದೀರಿ. ಆದರೂ ಕೊಳ್ಳುವ ಮೊದಲು ಈ ವರ್ಷದ ವಿಸ್ಕಾನ್ಸಿನ್ ನಿಯಮ ಪುಸ್ತಕ ತೆರೆದು ನೋಡಿ. ನನ್ನ ಒಂದು ಕ್ಯಾಮೆರಾ ದಿನಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೆ ಮಾತ್ರ ಫೋಟೊ ಕಳಿಸುತ್ತದೆ. ಅಷ್ಟೇ ಸಾಕು ಅಂತ ನಾನೇ ಹಾಗೆ ಇಟ್ಟುಕೊಂಡಿದ್ದೇನೆ. ಹೆಂಡತಿಯೂ ಊಟದ ಹೊತ್ತಿಗೆ ಫೋನು ನೋಡುವುದು ತಪ್ಪಿತು ಅಂತ ಖುಷಿಯಾಗಿದ್ದಾಳೆ.

ಜೋಳ ಬೇಡ. ಇದರಲ್ಲಿ ಆಚೀಚೆ ಮಾತಿಲ್ಲ. ಅಯೋವಾ ಕೌಂಟಿಯಲ್ಲಿ ಜಿಂಕೆಗೆ ಮೇವು ಸುರಿಯುವುದು, ಉಪ್ಪಿನ ಗಟ್ಟಿ ಇಡುವುದು ಕಾನೂನಿಗೆ ವಿರುದ್ಧ. ಕಾರಣ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಅನ್ನುವ ರೋಗ. ಮಿದುಳನ್ನು ತೂತು ತೂತು ಮಾಡಿ ಜಿಂಕೆಯನ್ನು ಸೊರಗಿಸಿ ಕೊಲ್ಲುತ್ತದೆ, ಮದ್ದಿಲ್ಲ. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡಿತು, 2002ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಪತ್ತೆಯಾಯಿತು, ಅದೂ ನಿಮ್ಮ ಮ್ಯಾಡಿಸನ್ ಇರುವ ಡೇನ್ ಕೌಂಟಿಯಲ್ಲೇ. ಜೊಲ್ಲು, ಮೂತ್ರದಿಂದ ಹರಡುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹತ್ತು ಜಿಂಕೆ ಒಂದೇ ಜೋಳದ ರಾಶಿಗೆ ಮೂತಿ ಇಟ್ಟರೆ ಏನಾಗುತ್ತದೆ ಯೋಚಿಸಿ. ಜೋಳ ಸುರಿ ಅಂತ ಸಲಹೆ ಕೊಟ್ಟವರು ಬೇರೆ ರಾಜ್ಯದವರೋ ಹಳೆಯ ಕಾಲದವರೋ ಇರಬೇಕು. ನೀವು ಜಿಂಕೆ ಹೊಡೆದರೆ ಅದರ ತಲೆಯನ್ನು ಪರೀಕ್ಷೆಗೆ ಕೊಡಿ, ರಾಜ್ಯದ ಇಲಾಖೆ ಉಚಿತವಾಗಿ ಮಾಡುತ್ತದೆ. ಫಲಿತಾಂಶ ಬರುವ ತನಕ ಮಾಂಸ ಫ್ರೀಜರಿನಲ್ಲಿರಲಿ. ಮನುಷ್ಯರಿಗೆ ಅಂಟಿದ ಉದಾಹರಣೆ ದಾಖಲಾಗಿಲ್ಲ. ಆದರೂ ರೋಗ ಇದ್ದ ಜಿಂಕೆಯನ್ನು ತಿನ್ನಬೇಡಿ ಅಂತಲೇ ಆರೋಗ್ಯ ಇಲಾಖೆಗಳ ಸಲಹೆ, ಚೆನ್ನಾಗಿ ಬೇಯಿಸಿದರೂ ಆ ರೋಗಕಾರಕ ನಾಶವಾಗುವುದಿಲ್ಲ.

ಹುಣ್ಣಿಮೆ, ಅಮಾವಾಸ್ಯೆ ಬಿಟ್ಟುಬಿಡಿ. ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಜಿಂಕೆಗಳನ್ನು ಹಿಂಬಾಲಿಸಿದವರಿಗೆ ಚಂದ್ರನಿಗೂ ಓಡಾಟಕ್ಕೂ ಹೇಳಿಕೊಳ್ಳುವಂಥ ನಂಟು ಸಿಕ್ಕಿಲ್ಲ. ಅಕ್ಟೋಬರ್‌ನಲ್ಲಿ ಬಕ್‌ಗಳು ಓಡಾಟವನ್ನೇ ನಿಲ್ಲಿಸುತ್ತವೆ ಅನ್ನುವ ಮಾತೂ ಅಷ್ಟೇ. ಪಟ್ಟಿಗಳ ಲೆಕ್ಕದಲ್ಲಿ ಆ ತಿಂಗಳು ಓಡಾಟ ಏರುತ್ತಲೇ ಹೋಗುತ್ತದೆ. ನಿಂತದ್ದು ಜನ ನೋಡುತ್ತಿದ್ದ ಜಾಗಕ್ಕೆ ಬರುವುದು ಮಾತ್ರ.

ಈಗ ಮಾಡಬೇಕಾದದ್ದು. ಹೊಲದ ಕ್ಯಾಮೆರಾವನ್ನು ಬಿಚ್ಚಿ ಕಾಯಿ ಬೀಳುತ್ತಿರುವ ಬಿಳಿ ಓಕ್ ಮರದ ಹತ್ತಿರಕ್ಕೆ ತನ್ನಿ. ಅಕ್ಟೋಬರ್ ನಡುವಿನಲ್ಲಿ ನೆಲ ಕೆದರಿದ ಜಾಗಗಳು ಕಾಣಿಸುತ್ತವೆ, ಅದರ ಮೇಲೆ ತಲೆಯೆತ್ತರಕ್ಕೆ ಒಂದು ಕೊಂಬೆ ಇರುತ್ತದೆ. ಇದಕ್ಕೆ ಸ್ಕ್ರೇಪ್ ಅಂತಾರೆ. ಊರಿನ ಅಶ್ವತ್ಥಕಟ್ಟೆ ಇದ್ದ ಹಾಗೆ. ಸುತ್ತಲಿನ ಗಂಡುಗಳೆಲ್ಲ ಬಂದು ಆ ಕೊಂಬೆಗೆ ಮುಖ ಉಜ್ಜಿ ತಮ್ಮ ವಾಸನೆ ಬಿಟ್ಟು ಹೋಗುತ್ತವೆ. ಯಾವ ಯಾವ ಬಕ್ ಇವೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಹೆಚ್ಚಿನವು ಬರುವುದು ರಾತ್ರಿಯಲ್ಲಿ, ಅದಕ್ಕೇ ಅಲ್ಲಿ ಕೂತು ಕಾಯುವುದು ದಂಡ.

ನವೆಂಬರ್ ಎರಡನೇ ವಾರದ ಆಸುಪಾಸಿನಲ್ಲಿ ಬೆದೆ ಜೋರಾಗಿರುತ್ತದೆ. ಆಗ ಗಂಡುಗಳು ಹೆಣ್ಣುಗಳ ಹಿಂದೆ. ನಿಮಗೆ ಬೇಸರ ತಂದ ಆ ಹೆಣ್ಣು ಜಿಂಕೆಗಳ ಫೋಟೊಗಳನ್ನು ಅಳಿಸಿದ್ದರೆ ದೊಡ್ಡ ನಷ್ಟ. ಅವು ಎಲ್ಲಿ ಮಲಗಿ ಯಾವ ದಾರಿಯಲ್ಲಿ ಬರುತ್ತವೆ ಅನ್ನುವುದೇ ಆಗ ಬೇಕಾದ ಸುದ್ದಿ.

ನೀವು ಹೋಗುವುದು ಬಂದೂಕಿನ ಒಂಬತ್ತು ದಿನಗಳಿಗೆ. ಅದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ (ನವೆಂಬರ್‌ನ ನಾಲ್ಕನೇ ಗುರುವಾರ) ಹಿಂದಿನ ಶನಿವಾರ ಶುರುವಾಗುತ್ತದೆ. ಆ ಬೆಳಿಗ್ಗೆ ರಾಜ್ಯದಲ್ಲಿ ಲಕ್ಷಾಂತರ ಜನ ಒಂದೇ ಹೊತ್ತಿಗೆ ಕಾಡಿಗಿಳಿಯುತ್ತಾರೆ. ಕ್ಯಾಮೆರಾ ಹೇಳಿದ ವೇಳಾಪಟ್ಟಿಯೆಲ್ಲ ಗಂಟೆಯೊಳಗೆ ಮಣ್ಣುಪಾಲು. ಜಿಂಕೆಗಳು ಅಕ್ಕಪಕ್ಕದ ಜಮೀನಿನಿಂದ ಎದ್ದು ದಟ್ಟ ಪೊದೆ ಹುಡುಕಿ ಓಡುತ್ತವೆ. ನಿಮ್ಮ ಎರಡನೇ ಕ್ಯಾಮೆರಾವನ್ನು ಈಗಲೇ ಗುಡ್ಡದ ಹಿಂಬದಿಯ ಮುಳ್ಳುಪೊದೆಗೆ ಹೋಗುವ ಇರುಕು ದಾರಿಗೆ ಕಟ್ಟಿ ಸುಮ್ಮನಿದ್ದುಬಿಡಿ. ಆ ದಾರಿಯನ್ನು ಯಾವುದಾದರೂ ಬಳಸುತ್ತಿದ್ದರೆ ಶನಿವಾರ ಅಲ್ಲಿ ಕೂರಿ.

ವೀಸಾದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕು ಹಿಡಿಯುವಂತಿಲ್ಲ ಅನ್ನುವುದು ಅಮೆರಿಕದ ಕೇಂದ್ರ ಕಾನೂನು. ರಾಜ್ಯವೊಂದು ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಲೈಸೆನ್ಸಿನ ದಿನಾಂಕ ಮುಗಿದಿದ್ದು ಸ್ನೇಹಿತರ ಬಂದೂಕು ಕೈಯಲ್ಲಿದ್ದರೂ ದೊಡ್ಡ ತೊಂದರೆ. ನಿಮ್ಮ ಇಮಿಗ್ರೇಷನ್ ವಕೀಲರಿಗೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ.

ಪತ್ರದ ಕೊನೆಗೆ, ಮುಂದಿನ ವರ್ಷ ಒಂದು ಕ್ಯಾಮೆರಾವನ್ನು ಊರಿನ ತೋಟಕ್ಕೆ ಒಯ್ಯಲೇ ಅಂತ ಕೇಳಿದ್ದೀರಿ. ನಿಮ್ಮದೇ ತೋಟದೊಳಗೆ, ಬೇಲಿಯ ಒಳಬದಿಗೆ ಕಟ್ಟಿ. ಅರಣ್ಯದೊಳಗೆ ಇಲಾಖೆಯ ಅನುಮತಿ ಇಲ್ಲದೆ ಬೇಡ. ಅಲ್ಲಿ ಅದು ನೋಡುವುದಕ್ಕೆ ಮಾತ್ರ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯ ಮಾತಿಲ್ಲ. ಕ್ಯಾಮೆರಾಕ್ಕೆ ಚುಕ್ಕೆ ಜಿಂಕೆ ಸಿಕ್ಕರೆ ಕೊಂಬು ಗಮನಿಸಿ. ಇಲ್ಲಿನವುಗಳ ಹಾಗೆ ಅವಕ್ಕೆ ಎಲ್ಲಕ್ಕೂ ಒಂದೇ ತಿಂಗಳು ಅಂತಿಲ್ಲ. ಒಂದೇ ಗುಂಪಿನಲ್ಲಿ ಒಂದರ ಕೊಂಬು ಗಟ್ಟಿ, ಇನ್ನೊಂದರದ್ದು ತೊಗಲಿನಲ್ಲಿ, ಮತ್ತೊಂದು ಬೋಳು. ಆ ಫೋಟೊ ಸಿಕ್ಕರೆ ನನಗೂ ಒಂದು ಕಳಿಸಿ.